ನಡುವಿನ ಬೆಸುಗೆ

ಎಸೆನ್‌ಕುಲ್ ನನ್ನ ತರಗತಿಗೆ ಸೇರಿದಾಗ ಅವರಿಗೆ ನಲವತ್ತಾರು, ನನಗೆ ಇಪ್ಪತ್ತೊಂಬತ್ತು. ಓಶ್ ನಗರದ ಕಾಲೇಜಿನಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ನಾನು ತೊಲೆ, ಕಂಬಗಳ ಬಲದ ಪಾಠ ಹೇಳುತ್ತಿದ್ದೆ. ಮೊದಲ ದಿನ ಅವರು ಕಲ್ಪಾಕ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, "ಅಕ್ಕ, ಒಳಗೆ ಬರ್ಲಾ?" ಎಂದಾಗ ತರಗತಿ ಗೊಳ್ಳೆಂದಿತು.

"ಅಣ್ಣ, ಮಗನ್ನ ಹುಡುಕ್ಕೊಂಡು ಬಂದ್ರಾ? ಅವ್ನು ಚಕ್ಕರ್ ಹೊಡೆದಿದ್ದಾನೆ!" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

"ಅದಕ್ಕೇ ಅವನ ಬದ್ಲು ನಾನು ಬಂದೆ ಕಣಪ್ಪ," ಎನ್ನುತ್ತ ಅವರು ಹೋಗಿ ಅವನ ಪಕ್ಕದಲ್ಲೇ ಕುಳಿತರು.

ಬೆಟ್ಟದ ಹಳ್ಳಿಯೊಂದರಲ್ಲಿ ಅವರು ವೆಲ್ಡಿಂಗ್ ಕೆಲಸ ಮಾಡುತ್ತಿದ್ದರು ಎಂಬುದಷ್ಟೇ ನಮಗೆ ಗೊತ್ತಿತ್ತು. ಯಾಕೆ ಓದಲು ಬಂದರೆಂದು ಯಾರಿಗೂ ಹೇಳಿರಲಿಲ್ಲ.

ಎರಡನೆಯ ವರ್ಷ ಒಂದು ದಿನ, ಎರಡು ದಡಗಳ ಮೇಲೆ ಮಲಗಿಸಿದ ತೊಲೆಯ ಚಿತ್ರ ಬರೆದು ವಿವರಿಸುತ್ತಿದ್ದೆ. ಭಾರ ಬಿದ್ದಾಗ ತೊಲೆಯನ್ನು ಬಗ್ಗಿಸುವ ಬಲ ತುದಿಗಳಲ್ಲಿ ಇರುವುದಿಲ್ಲ, ನಟ್ಟನಡುವೆ ಅತಿ ಹೆಚ್ಚು. ಎಸೆನ್‌ಕುಲ್ ಎದ್ದು ನಿಂತರು.

"ಎರಡು ತುಂಡು ಸೇರ್ಸಿದ ತೊಲೆ ಆದ್ರೆ, ವೆಲ್ಡಿಂಗ್ ಎಲ್ಲಿರ್ಬೇಕು ಅಕ್ಕ?"

"ನಡುವೆ ಮಾತ್ರ ಬೇಡ. ದಡದ ಹತ್ರ ಇರ್ಲಿ."

ಅವರು ಕುಳಿತುಕೊಂಡರು. ಆಮೇಲೆ ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ನನ್ನ ಕೋಣೆಗೆ ಬಂದು ನಾಲ್ಕು ಹಾಳೆ ಹರಡಿದರು. "ತಪ್ಪಿದ್ರೆ ಹೇಳಿ," ಎಂದರು.

ಹದಿನಾಲ್ಕು ಮೀಟರಿನ ಸೇತುವೆಯೊಂದರ ಲೆಕ್ಕ ಅದು. ಒಂಬತ್ತು ವರ್ಷಗಳ ಹಿಂದೆ ಊರಿನ ಹೊಳೆಗೆ ಅವರೇ ಕಟ್ಟಿದ್ದು. ಏಳೇಳು ಮೀಟರಿನ ತೊಲೆಗಳನ್ನು ನಡುವೆ ಬೆಸೆದಿದ್ದರು. ಆ ಶರತ್ಕಾಲದಲ್ಲೇ ಬೇಸಿಗೆ ಹುಲ್ಲುಗಾವಲಿನಿಂದ ಕುರಿಮಂದೆ ಇಳಿದು ಬರುವಾಗ ಸೇತುವೆ ಮುರಿಯಿತು. ಮಂದೆಯ ಹಿಂದೆ ಕುದುರೆಯ ಮೇಲಿದ್ದ ಕಾನಿಶಾಯ್ ಎಂಬಾಕೆ ನೀರುಪಾಲಾದಳು. ಅಲ್ಲಾಹನ ಇಚ್ಛೆ ಎಂದು ಊರು ಸುಮ್ಮನಾಯಿತು. ಆಕೆಯ ಗಂಡ ಮಾಮಸಾಲಿಯೂ ಎಸೆನ್‌ಕುಲ್‌ಗೆ ಒಂದು ಮಾತು ಅನ್ನಲಿಲ್ಲ.

ಮುರಿದದ್ದು ಆ ನಡುವಿನ ಬೆಸುಗೆಯಿಂದಲೇ ಎನ್ನುತ್ತಿದ್ದವು ಹಾಳೆಗಳು. ಎಲ್ಲಾದರೂ ತಪ್ಪು ಸಿಗಲಿ ಎಂದು ಹಾರೈಸುತ್ತಲೇ ಲೆಕ್ಕವನ್ನು ಮೂರು ಸಲ ನೋಡಿದೆ. ಸಿಗಲಿಲ್ಲ.

"ಸರಿಯಾಗಿದೆ ಅಣ್ಣ," ಎಂದೆ.

"ಹಾಗಾದ್ರೆ ಮಾಮಸಾಲಿಗೆ ಹೇಳ್ಬೇಕು."

"ಇಷ್ಟು ವರ್ಷ ಆದ್ಮೇಲೆ ಯಾಕೆ? ಗಾಯ ಕೆದಕಿದ ಹಾಗಾಗಲ್ವಾ?"

"ಅವನು ದೇವರ ಮೇಲೆ ಹಾಕಿ ಕೂತಿದ್ದಾನೆ ಅಕ್ಕ. ದೇವರದ್ದಲ್ಲ, ನನ್ನದು."

ಊರಿಗೆ ಹೋದವರು ಎರಡು ವಾರ ಬರಲಿಲ್ಲ. ಬಂದ ಮೇಲೆ ನಡೆದದ್ದನ್ನು ಹೇಳಿದರು. ಮಾಮಸಾಲಿ ಚಹಾ ಬಗ್ಗಿಸಿಕೊಟ್ಟು, ಹಾಳೆಯಲ್ಲಿದ್ದ ಸೇತುವೆಯ ಚಿತ್ರವನ್ನು ಎರಡು ಸಲ ವಿವರಿಸಲು ಹೇಳಿದನಂತೆ. ಮುರಿದ ಜಾಗದ ಮೇಲೆ ಬೆರಳಿಟ್ಟು ಕೇಳಿದನಂತೆ: "ಅವಳು ಕುದುರೆ ಇಳಿದು ನಡ್ಕೊಂಡು ಬಂದಿದ್ರೆ?"

"ಆಗ್ಲೂ ಮುರೀತಿತ್ತು. ಮಂದೆಯ ಭಾರಾನೇ ಸಾಕಾಗಿತ್ತು."

ಮಾಮಸಾಲಿ ಬೆರಳು ಹಿಂದೆಳೆದುಕೊಂಡು ಹೇಳಿದ: "ಊರವರ ಮುಂದೆ ಅಲ್ಲಾಹನ ಇಚ್ಛೆ ಅಂದೆ. ಒಳಗೊಳಗೆ ಒಂಬತ್ತು ವರ್ಷ ಅವಳನ್ನೇ ಬೈದೆ ಕಣೋ. ಇಳೀಬಾರ್ದಿತ್ತಾ, ಸೊಕ್ಕಿನವಳು ಅಂತ. ಗೋರಿ ಹತ್ರ ಹೋದಾಗ್ಲೂ ಬೈದೆ." ಆಮೇಲೆ ಬಾಗಿಲು ತೆರೆದು, "ಇನ್ನು ನಿನ್ನನ್ನ ಬೈತೀನಿ. ಹೋಗು," ಎಂದ.

ಇದನ್ನು ಹೇಳುವಾಗ ಎಸೆನ್‌ಕುಲ್ ಅಳಲಿಲ್ಲ. ನಾನೇ ಕಿಟಕಿಯ ಕಡೆ ತಿರುಗಿಕೊಂಡೆ.

ಅವರು ಐವತ್ತನೆಯ ವಯಸ್ಸಿಗೆ ಸಾಧಾರಣ ಅಂಕಗಳಲ್ಲಿ ಪಾಸಾದರು. ಈಗ ಜಿಲ್ಲೆಯ ಸೇತುವೆಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾರೆ. ಒಂದು ಸೇತುವೆ ಮುಚ್ಚಿಸಿದ್ದಕ್ಕೆ ಊರವರು ಮುತ್ತಿಗೆ ಹಾಕಿದಾಗ, ಸಂಜೆಯವರೆಗೂ ತಾವೇ ಸೇತುವೆಗೆ ಅಡ್ಡ ನಿಂತಿದ್ದರಂತೆ. ಮಾಮಸಾಲಿ ಇಂದಿಗೂ ಅವರೊಡನೆ ಮಾತಾಡುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಕಾನಿಶಾಯ್ ಹೆಸರಿನಲ್ಲಿ ಕುರಾನ್ ಓದಿಸುವ ದಿನ ಎಸೆನ್‌ಕುಲ್ ಹೋಗಿ ಬಾಗಿಲ ಬಳಿ ಕೂರುತ್ತಾರೆ. ಮಾಮಸಾಲಿ ಬಾ ಎನ್ನುವುದಿಲ್ಲ, ಹೋಗು ಎಂದೂ ಅನ್ನುವುದಿಲ್ಲ.