ಯಾವ ಭಾಗಕ್ಕೂ ಸೇರದ ಹೊಸ್ತಿಲು

ನಿಮ್ಮ ಪಾಲಿಗೆ ಬಂದ ಪುಟವನ್ನು ಮಾತ್ರ ಓದಿ, ಪಕ್ಕದ ಪುಟದಲ್ಲಿ ಏನಿದೆಯೆಂದು ಒಮ್ಮೆಯೂ ಕೇಳದೆ, ನನ್ನ ಕೆಲಸ ನಾನು ಮುಗಿಸಿದೆ ಎಂದು ಕೈ ತೊಳೆದುಕೊಂಡು ಎದ್ದವರಲ್ಲಿ ನೀವೂ ಒಬ್ಬರಲ್ಲವೇ? ಉತ್ತರಕ್ಕೆ ಅವಸರವಿಲ್ಲ. ಮೊದಲು ನನ್ನ ಕಥೆ ಕೇಳಿ.

ನಾನು ಒಂದು ರಟ್ಟಿನ ಹಾಳೆ. ಹರಿದ ಪಠ್ಯಪುಸ್ತಕ, ಹಳೆಯ ಲಗ್ನಪತ್ರಿಕೆ, ಚುನಾವಣೆಯ ಕರಪತ್ರ ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಕೊಳೆಸಿ, ಅರೆದು, ಒತ್ತಿ, ಬಿಸಿಲಿಗೆ ಒಣಗಿಸಿ ನನ್ನನ್ನು ಮಾಡಿದರು. ಧಾರವಾಡದ ಬೈಂಡರ್ ಒಬ್ಬ ನನ್ನನ್ನು ಅಳತೆಗೆ ಕತ್ತರಿಸಿದ. ಪುಸ್ತಕದ ಅಂಚಿನಿಂದ ಆಚೆಗೆ ಚಾಚಿಕೊಳ್ಳುವಂತೆ ಒಂದು ಸಣ್ಣ ನಾಲಗೆಯನ್ನೂ ಬಿಟ್ಟ. ಅದರ ಮೇಲೆ ‘ನೆಲಗೆಲಸ’ ಎಂದು ಅಚ್ಚಾಯಿತು. ಒಂದು ಭಾಗ ಮುಗಿದು ಇನ್ನೊಂದು ಆರಂಭವಾಗುವ ಜಾಗದಲ್ಲಿ ನಿಲ್ಲುವುದು ನನ್ನ ಜನ್ಮಕ್ಕೆ ಒಪ್ಪಿಸಿದ ಕೆಲಸ.

ನಾನು ಸೇರಿದ್ದು ಕಟ್ಟಡವೊಂದರ ಸ್ಪೆಸಿಫಿಕೇಶನ್ ಪುಸ್ತಕವನ್ನು. ಗೋಡೆ ಎಲ್ಲಿ, ಬಾಗಿಲು ಎಲ್ಲಿ ಎಂಬುದನ್ನು ನಕ್ಷೆ ತೋರಿಸುತ್ತದೆ. ಯಾವ ಮರಳು, ಯಾವ ಮರ, ಯಾವ ಹದ, ಎಷ್ಟು ನುಣುಪು ಎಂಬುದನ್ನು ನಕ್ಷೆ ಹೇಳಲಾರದು; ಅದನ್ನು ಮಾತಿನಲ್ಲಿ ಹೇಳುವುದು ಈ ಪುಸ್ತಕ. ಮಲಪ್ರಭೆಯ ದಂಡೆಯ ಒಂದು ತಾಲ್ಲೂಕು ಊರಿನಲ್ಲಿ ಏಳಬೇಕಾಗಿದ್ದ ಹೆರಿಗೆ ಆಸ್ಪತ್ರೆಗಾಗಿ ಅದನ್ನು ಬರೆದವರು ಸುಮಿತ್ರಾ ಹಂಜಿ ಎಂಬ ಎಂಜಿನಿಯರು.

ಅವರು ಬರೆದ ಹಾಳೆಗಳನ್ನು ಉದ್ದನೆಯ ಮೇಜಿನ ಮೇಲೆ ಗುಡ್ಡೆಗುಡ್ಡೆಯಾಗಿ ವಿಂಗಡಿಸುತ್ತಿದ್ದರು. ಮೊದಲು ಎಲ್ಲ ಕೆಲಸಕ್ಕೂ ಅನ್ವಯಿಸುವ ಸಾಮಾನ್ಯ ನಿಯಮಗಳು. ಆಮೇಲೆ ಮಣ್ಣುಗೆಲಸ, ಕಾಂಕ್ರೀಟು, ಗೋಡೆ, ಕಬ್ಬಿಣ, ಮರಗೆಲಸ, ನೆಲಗೆಲಸ, ಗಿಲಾವು, ಬಣ್ಣ, ನೀರು, ವಿದ್ಯುತ್ತು. ಪ್ರತಿಯೊಂದು ಭಾಗದ ಒಳಗೂ ಅದೇ ಕ್ರಮ: ಈ ಭಾಗಕ್ಕೆ ಸೇರಿದ ಕೆಲಸ ಯಾವುದು, ಅದಕ್ಕೆ ಬೇಕಾದ ಸಾಮಗ್ರಿ ಯಾವುದು, ಮಾಡುವ ಬಗೆ ಹೇಗೆ. ಮನೆಯ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆಯೆಂದು ಕೈಗೆ ಗೊತ್ತಿರುವ ಹಾಗೆ ಈ ಪುಸ್ತಕದಲ್ಲಿ ಬೇಕಾದ ಮಾತು ಕೈಗೆ ಸಿಗಬೇಕು ಎಂಬುದು ಅವರ ಹಟ.

ಒಂದು ಹಾಳೆ ಮಾತ್ರ ಅವರ ಕೈಯಲ್ಲಿ ಬಹಳ ಹೊತ್ತು ಉಳಿಯಿತು. ಹೆರಿಗೆ ಕೋಣೆಯ ಬಾಗಿಲಲ್ಲಿ ಹೊಸ್ತಿಲು ಇರಕೂಡದು, ಒಳಗಿನ ನೆಲವೂ ಹೊರಗಿನ ನೆಲವೂ ಒಂದೇ ಮಟ್ಟದಲ್ಲಿ ಕೂಡಬೇಕು ಎಂದು ಅದರಲ್ಲಿತ್ತು. ಹೊಸ್ತಿಲು ಮರದ್ದು, ಮಟ್ಟ ನೆಲದ್ದು. ಸಹಾಯಕ್ಕೆ ಕುಳಿತಿದ್ದ ಹುಡುಗಿ, ಎರಡೂ ಗುಡ್ಡೆಯಲ್ಲಿ ಒಂದೊಂದು ಪ್ರತಿ ಇಟ್ಟರಾಯಿತಲ್ಲ ಎಂದಳು.

“ಒಂದು ಮಾತು ಒಂದ ಕಡೆ ಇರಬೇಕವಾ,” ಎಂದರು ಸುಮಿತ್ರಾ. “ಎರಡ ಕಡೆ ಬರದ್ರ ನಾಳೆ ಒಂದ ಕಡೆ ತಿದ್ದತಾರ, ಇನ್ನೊಂದ ಕಡೆ ಮರೀತಾರ. ಆಮ್ಯಾಲ ಜಗಳಾ ಬಂದಾಗ ಎರಡೂ ಖರೇ ಆಗ್ತಾವು.”

ಆ ಹಾಳೆ ನೆಲಗೆಲಸಕ್ಕೆ ಹೋಯಿತು. ಮರಗೆಲಸದ ಕೊನೆಯ ಪುಟದಲ್ಲಿ, ‘ಬಾಗಿಲಿನ ಬುಡದ ವಿವರಕ್ಕೆ ನೆಲಗೆಲಸದ ಭಾಗ ನೋಡಿ’ ಎಂಬ ಒಂದು ಸಾಲು ಉಳಿಯಿತು. ನನ್ನ ಬೆನ್ನಿಗೆ ಆ ಸಾಲು, ಎದೆಗೆ ಆ ನಿಯಮ. ನಡುವೆ ನಾನು. ಪುಟ ತಿರುವುವ ಕೈ ಯಾವುದಾದರೂ ನನ್ನನ್ನು ದಾಟಿಯೇ ಹೋಗಬೇಕು. ಕ್ರಮ ಅಷ್ಟು ಚೊಕ್ಕವಾಗಿತ್ತು.

ಆದರೆ ಪುಟ ತಿರುವುವವರು ಬೇಕಲ್ಲ.

ಪುಸ್ತಕ ಗುತ್ತಿಗೆದಾರರ ಕಚೇರಿಗೆ ಹೋಯಿತು. ಅಲ್ಲಿ ಕೆಲಸದ ಉಸ್ತುವಾರಿ ಮುತ್ತಪ್ಪ ಕಡೇಮನಿಯದು. ಕೆಟ್ಟವನಲ್ಲ, ಕೆಲಸಗಾರರ ಊಟ ತಡವಾದರೆ ತಾನೂ ಉಣ್ಣದೆ ಕಾಯುವವನು. ಆದರೆ ಅವನಿಗೊಂದು ರೂಢಿ. ಪುಸ್ತಕ ಕೈಗೆ ಬಂದ ದಿನವೇ ಅದರ ದಾರ ಬಿಚ್ಚುವುದು; ಗೋಡೆಯವರಿಗೆ ಗೋಡೆಯ ಹಾಳೆ, ಬಣ್ಣದವರಿಗೆ ಬಣ್ಣದ ಹಾಳೆ ಎಂದು ಪಾಲು ಮಾಡುವುದು. ಇಡೀ ಪುಸ್ತಕ ಕೊಟ್ಟರೆ ಇಡೀ ಪುಸ್ತಕದ ಮೇಲೆ ತಕರಾರು ತೆಗೆಯುತ್ತಾರೆ ಎಂಬುದು ಅವನ ಅನುಭವ. ಹೊಲ ಪಾಲಾಗುವುದನ್ನು ನೀವು ನೋಡಿರಬಹುದು. ಒಂದು ಕಟ್ಟಡದ ಬುದ್ಧಿ ಹಾಗೆ ಪಾಲಾಗುವುದನ್ನು ನಾನು ನೋಡಿದೆ.

ಗೋಡೆ ಎದ್ದು ಚೌಕಟ್ಟು ನಿಲ್ಲಿಸುವ ಹೊತ್ತಿಗೆ ಮರಗೆಲಸದ ಹಾಳೆಗಳು ಮೌನೇಶ ಬಡಿಗೇರನ ಪಾಲಿಗೆ ಹೋದವು. ನೆಲಗೆಲಸದ ಸರದಿ ಇನ್ನೂ ದೂರವಿದ್ದುದರಿಂದ ನಮ್ಮ ಕಟ್ಟು ಮುತ್ತಪ್ಪನ ಮೇಜಿನ ಮೇಲೆಯೇ ಬಿದ್ದಿತ್ತು. ಒಂದು ಮುಂಜಾನೆ ಮೌನೇಶ ಬಂದು ನಿಂತ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ನೆಲದ ಭಾಗ ನೋಡು ಅಂತ ಇದೆಯಲ್ಲ, ಅದು ಯಾವುದು ಎಂದು ಕೇಳಿದ.

“ಅದು ನಿಂದಲ್ಲೋ ಮಾರಾಯಾ, ಫರಸಿಯವ್ರದು,” ಎಂದ ಮುತ್ತಪ್ಪ. “ಇಷ್ಟು ವರ್ಷ ಬಾಗಲಾ ಹ್ಯಾಂಗ ನಿಲ್ಲಿಸೀದಿ, ಹಂಗ ನಿಲ್ಲಸು.”

ಆ ಗಳಿಗೆಯಲ್ಲಿ ನಾನು ಅವರಿಬ್ಬರ ನಡುವೆ ಚಹಾದ ಕಪ್ಪಿನ ಅಡಿಯಲ್ಲಿದ್ದೆ. ಕಪ್ಪನ್ನು ಸರಿಸಿ ನನ್ನನ್ನು ಎತ್ತಿದ್ದರೆ ಸಾಕಿತ್ತು, ಮೊದಲ ಹಾಳೆಯಲ್ಲಿಯೇ ನಿಯಮವಿತ್ತು. ಮುತ್ತಪ್ಪ ಕಪ್ಪನ್ನು ಎತ್ತಿದ, ಕುಡಿದ, ಮತ್ತೆ ನನ್ನ ಮೇಲೆಯೇ ಇಟ್ಟ. ಇದಕ್ಕೆ ಅಜ್ಞಾನ ಎನ್ನಬೇಡಿ. ಅಜ್ಞಾನಿಗೆ ಓದಲು ಪುಸ್ತಕವಿರುವುದಿಲ್ಲ. ಇಲ್ಲಿ ಪುಸ್ತಕವಿತ್ತು, ಕಣ್ಣಿತ್ತು, ಕೈಗೆಟುಕುವ ದೂರವಿತ್ತು.

ಮೌನೇಶ ರೂಢಿಯಂತೆ ನಾಲ್ಕೂ ಬದಿಯ ಚೌಕಟ್ಟು ಮಾಡಿದ. ಕೆಳಗೆ ಒಳ್ಳೆಯ ಸಾಗುವಾನಿಯ ದಪ್ಪ ಹೊಸ್ತಿಲು. ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು, ಮಾವಿನ ಸೊಪ್ಪು ಕಟ್ಟಿ ಕಾಯಿ ಒಡೆದರು. ಹೊಸ್ತಿಲಿಲ್ಲದ ಬಾಗಿಲು ಬಾಗಿಲೇ ಅಲ್ಲ ಎಂದು ಬಲ್ಲ ಊರು ಅದು. ಸರಕಾರದ ಕಡೆಯ ಎಂಜಿನಿಯರು ಬಸವಂತ ತುರಮರಿ ಬಂದು ಮರದ ದಪ್ಪ ಅಳೆದರು, ಗಂಟು ಇದೆಯೇ ನೋಡಿದರು, ತೃಪ್ತರಾದರು. ಅವರೂ ಅಂದು ಓದಿಕೊಂಡು ಬಂದದ್ದು ಮರಗೆಲಸದ ಭಾಗವನ್ನು ಮಾತ್ರ.

ತಿಂಗಳುಗಳು ಕಳೆದು ನಾವು ನೆಲ ಹಾಸುವ ಫರಸಿ ಮೇಸ್ತ್ರಿ ಖಾಜಾಸಾಬನ ಕೈಗೆ ಬಂದೆವು. ಈತ ಓದಿದ. ಗಟ್ಟಿಯಾಗಿಯೇ ಓದಿದ. ಓದಿ, ಎದುರಿಗಿದ್ದ ಹೊಸ್ತಿಲನ್ನು ನೋಡಿದ. ನನಗೆ ಆಸೆ ಚಿಗುರಿತು. ಈಗ ಎದ್ದು ಹೋಗಿ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅವನು ನನ್ನನ್ನು ಮಡಚಿ ಮೊಣಕಾಲಿನ ಅಡಿಗೆ ಹಾಕಿಕೊಂಡ. ಹೊಸ್ತಿಲಿನ ಈಚೆಗೆ ಒಂದು ಸಾಲು, ಆಚೆಗೆ ಒಂದು ಸಾಲು ಟೈಲ್ಸ್ ಕೂರಿಸಿದ. ಎರಡೂ ಕಡೆಯ ಮಟ್ಟ ಕೂದಲೆಳೆಯಷ್ಟೂ ತಪ್ಪಲಿಲ್ಲ. ನಡುವೆ ಆ ಮರದ ದಿಣ್ಣೆ ಹಾಗೆಯೇ ಕುಳಿತಿತ್ತು. ಅವನ ಭಾರ ನನ್ನ ಮೇಲೆ, ಹೇಳದೆ ಉಳಿದ ಮಾತಿನ ಭಾರ ನನ್ನೊಳಗೆ. ಅಂದಿನಿಂದ ನನಗೆ ನೆಮ್ಮದಿಯೆಂಬುದಿಲ್ಲ.

ವಾರ್ಡು ಆರಂಭವಾಗುವ ದಿನ ಗೊತ್ತಾಯಿತು. ಕೆಲಸ ನಿಯಮದಂತೆ ಮುಗಿದಿದೆಯೆಂದು ತುರಮರಿ ರುಜು ಹಾಕುವುದಷ್ಟೇ ಬಾಕಿ. ಹಿಂದಿನ ದಿನ ಹಿರಿಯ ನರ್ಸ್ ಪಾರ್ವತಿ ಮೆಣಸಿನಕಾಯಿಯವರು ಹಳೆಯ ಆಸ್ಪತ್ರೆಯಿಂದ ಒಂದು ಸ್ಟ್ರೆಚರ್ ಗಾಡಿಯನ್ನು ತಳ್ಳಿಸಿಕೊಂಡು ಬಂದರು. ಮನೆತನದ ಹೆಸರಿಗೆ ತಕ್ಕ ಖಾರ ಎಂದು ಊರೇ ಅವರ ಬೆನ್ನ ಹಿಂದೆ ನಗುತ್ತಿತ್ತು. ಹೆರಿಗೆ ಕೋಣೆಯ ಬಾಗಿಲಿಗೆ ಬಂದು ಗಾಡಿ ಗಕ್ಕನೆ ನಿಂತಿತು. ಅವರು ಹೊಸ್ತಿಲನ್ನು ನೋಡಿದರು, ಸುತ್ತ ನಿಂತ ಗಂಡಸರನ್ನು ನೋಡಿದರು. ಯಾರ ಕೆಲಸ ಇದು ಎಂದು ಕೇಳಿದರು.

ಮುತ್ತಪ್ಪ ಬಡಿಗನತ್ತ ತೋರಿಸಿದ. ಬಡಿಗ, ನೆಲದ ಮಾತು ನನ್ನ ಹಾಳೆಯಲ್ಲಿಲ್ಲ ಎಂದ. ಖಾಜಾಸಾಬ, ನನ್ನ ಹಾಳೆಯಲ್ಲಿದೆ, ಆದರೆ ಕಟ್ಟಿಗೆ ನನ್ನದಲ್ಲ ಎಂದ. ತುರಮರಿ, ಎತ್ತಿ ದಾಟಿಸಿದರೆ ನಡೆಯುತ್ತದಲ್ಲ ಸಿಸ್ಟರ್ ಎಂದರು. ಮುತ್ತಪ್ಪ, ಎರಡೂ ಕಡೆ ಕಬ್ಬಿಣದ ತಗಡಿನ ಇಳಿಜಾರು ಮಾಡಿಸಬಹುದು, ಆದರೆ ಕಬ್ಬಿಣ ಮತ್ತೆ ಬೇರೆ ಭಾಗ ಎಂದು ಸೇರಿಸಿದ.

“ಮಲಕೋರಿ ಸಾಹೇಬ್ರ,” ಎಂದರು ಪಾರ್ವತಿ.

“ಏನಂದ್ರಿ?”

“ಗಾಡಿ ಮ್ಯಾಲ ಮಲಕೋರಿ. ಬೂಟು ಬಿಚ್ಚೂದು ಬ್ಯಾಡ.”

ತುರಮರಿ ನಗಲು ನೋಡಿದರು. ಯಾರೂ ಜೊತೆಗೆ ನಗಲಿಲ್ಲ. ನಾಚುತ್ತ ಗಾಡಿಯೇರಿ ಮಲಗಿದರು. ಪಾರ್ವತಿ ನಾಲ್ಕು ಹೆಜ್ಜೆ ಹಿಂದೆ ಎಳೆದು, ನೋವು ಜೋರಾದ ಹೆಣ್ಣನ್ನು ಒಳಗೊಯ್ಯುವ ವೇಗದಲ್ಲಿಯೇ ತಳ್ಳಿದರು. ಮುಂದಿನ ಗಾಲಿ ಹೊಸ್ತಿಲಿಗೆ ಬಡಿದು ಎದ್ದಿತು, ಬಿದ್ದಿತು. ಹಿಂದಿನ ಗಾಲಿ ಆಚೆಯೇ ಸಿಕ್ಕಿಕೊಂಡಿತು. ತುರಮರಿಯವರು ಎರಡೂ ಕೈಯಿಂದ ಅಂಚು ಹಿಡಿದುಕೊಂಡು, ಅರ್ಧ ಒಳಗೆ ಅರ್ಧ ಹೊರಗಾಗಿ ಸೂರು ನೋಡುತ್ತಿದ್ದರು. ಪಾರ್ವತಿ ಗಾಡಿಯನ್ನು ಹಾಗೆಯೇ ಬಿಟ್ಟು ಮಾತಾಡಿದರು. ಹಳೆಯ ವಾರ್ಡಿನ ಬಾಗಿಲಲ್ಲಿ ಇಂಥದೇ ಹೊಸ್ತಿಲಿನ ಮೇಲೆ ರಕ್ತಸ್ರಾವದ ಹೆಂಗಸೊಬ್ಬಳು ಹೀಗೇ ಸಿಕ್ಕಿಕೊಂಡದ್ದನ್ನು, ಎತ್ತಲು ನಾಲ್ಕು ಜನ ಸಿಗದೆ ತಾವು ಕೂಗಿಕೊಂಡದ್ದನ್ನು ಹೇಳಿದರು. ಆ ಹೆಂಗಸು ಏನಾದಳೆಂದು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ತುರಮರಿ ಕೆಳಗಿಳಿದರು. ಮುಖ ಬೇರೆಯಾಗಿತ್ತು. ಹೊಸ್ತಿಲು ಕೊಯ್ದು ತೆಗೆಯಬೇಕೆಂದರು. ಮೌನೇಶ ಕದಲಲಿಲ್ಲ.

“ಪೂಜಿ ಆದ ಹೊಸ್ತಿಲಾರೀ. ಅದರ ಮ್ಯಾಲ ಗರಗಸಾ ಇಡಾಕ ಕೈ ಏಳಂಗಿಲ್ರಿ.”

“ತಮ್ಮಾ, ಬಸುರಿ ಹೆಣಮಗಳು ಹೊಸ್ತಿಲ ಮ್ಯಾಲ ಕುಂದ್ರಬಾರ್ದು ಅಂತ ನಿಮ್ಮ ಮನ್ಯಾಗ ಹೇಳತಾರಿಲ್ಲೋ?” ಎಂದು ಪಾರ್ವತಿ ಮೆಲ್ಲಗೆ ಕೇಳಿದರು. “ಹೇಳತಾರ. ಹಂಗಾರ ನಾಳೆ ಆಕೀನ ಗಾಡಿ ಸಮೇತ ಅದರ ಮ್ಯಾಲ ಕುಂದರಸೂದು ಯಾವ ಪೂಜ್ಯಾಗ ಬರ್ತದ?”

ಮೌನೇಶ, ಆ ನೆಲದ ಹಾಳೆ ನನಗೂ ಒಮ್ಮೆ ಓದಲು ಕೊಡಿ ಎಂದ. ಖಾಜಾಸಾಬ ಚೀಲದಿಂದ ನಮ್ಮ ಕಟ್ಟನ್ನು ತೆಗೆದ. ತುರಮರಿ ಮರಗೆಲಸದ ಕೊನೆಯ ಹಾಳೆಯನ್ನು ಒಂದು ಕೈಯಲ್ಲಿ, ನೆಲಗೆಲಸದ ಮೊದಲ ಹಾಳೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಲ್ಲರಿಗೂ ಕೇಳುವಂತೆ ಓದಿದರು. ಸುಮಿತ್ರಾ ಅವರ ಮೇಜು ಬಿಟ್ಟ ಮೇಲೆ ಆ ಎರಡು ಪುಟಗಳನ್ನು ಒಟ್ಟಿಗೆ ಓದಿದ್ದು ಅದೇ ಮೊದಲು. ಓದು ಮುಗಿಯಲು ಒಂದು ನಿಮಿಷವೂ ಬೇಕಾಗಲಿಲ್ಲ.

ಮೇಲಿನವರಿಂದ ಫೋನು ಬಂತು. ಮೊದಲು ವಾರ್ಡು ಆರಂಭವಾಗಲಿ, ಸಣ್ಣಪುಟ್ಟದ್ದು ಆಮೇಲೆ ನೋಡೋಣ ಎಂದರು. ಹೊಸ್ತಿಲು ಹೋಗುವ ತನಕ ರುಜು ಇಲ್ಲ ಎಂದು ತುರಮರಿ ಹೇಳಿ ಫೋನು ಇಟ್ಟರು. ಮೌನೇಶ ಹೊಸ್ತಿಲಿಗೆ ಕೈಮುಗಿದು ಗರಗಸ ಹಚ್ಚಿದ. ಖಾಜಾಸಾಬ ಸಂದು ತುಂಬಿ ಕಲ್ಲು ಕೂರಿಸಿದ. ಗಾರೆ ಗಟ್ಟಿಯಾಗುವವರೆಗೆ ವಾರ್ಡು ಕಾಯಿತು. ಮೊದಲ ದಿನ ಒಳಗೆ ಹೋದ ಹೆಣ್ಣುಮಗಳು ಕಣ್ಣು ಮುಚ್ಚಿ ತಾಯಿಯನ್ನು ಕರೆಯುತ್ತಿದ್ದಳು. ಗಾಡಿ ಸದ್ದಿಲ್ಲದೆ ಬಾಗಿಲು ದಾಟಿತು. ಅಲ್ಲಿ ಏನಿತ್ತೆಂಬುದು ಆಕೆಗೆ ಗೊತ್ತಾಗಲೇ ಇಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನೂ ನೆಮ್ಮದಿಯಿಂದ ಮಣ್ಣಾಗುತ್ತಿದ್ದೆ. ನಾನೀಗ ಮುತ್ತಪ್ಪನ ಗೋದಾಮಿನಲ್ಲಿ ಖಾಲಿ ಸಿಮೆಂಟು ಚೀಲಗಳ ನಡುವೆ ಬಿದ್ದಿದ್ದೇನೆ. ನಾಲಗೆ ಹರಿದಿದೆ, ಮೈಯೆಲ್ಲ ಮೊಣಕಾಲಿನ ಗುರುತು. ಮೊನ್ನೆ ಪಕ್ಕದ ತಾಲ್ಲೂಕಿನಲ್ಲಿ ಇನ್ನೊಂದು ಆಸ್ಪತ್ರೆಯ ಕೆಲಸ ಬಂತು. ಅದೇ ನಿಯಮಗಳೇ ಅಲ್ಲಿಗೂ. ಹಳೆಯ ಹಾಳೆಗಳನ್ನು ತೆಗೆದುಕೊಂಡು ಹೋಗಿ ಜೆರಾಕ್ಸ್ ಮಾಡಿಸಿದರು. ನನ್ನನ್ನು ಮಾಡಿಸಲಿಲ್ಲ, ರಟ್ಟಿನ ಮೇಲೆ ಓದುವಂಥದ್ದೇನಿದೆ? ಒಬ್ಬ ಹೊಸ ಬಡಿಗ ಬಂದ. ಮುತ್ತಪ್ಪ ಮರಗೆಲಸದ ಹಾಳೆಗಳನ್ನಷ್ಟೇ ಎಣಿಸಿ ಕೊಟ್ಟ. ಬಡಿಗ ಅವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಅವನು ಏನನ್ನೂ ಕೇಳಲಿಲ್ಲ.

ವಿಂಗಡಿಸುವುದು ತಪ್ಪಲ್ಲ. ಸುಮಿತ್ರಾ ಹಂಜಿಯವರು ಹಾಳೆಗಳನ್ನು ಬೇರೆ ಮಾಡಿದ್ದು ಬೇಗ ಸಿಗಲೆಂದು, ಕೈಬಿಟ್ಟುಹೋಗಲೆಂದಲ್ಲ. ಭಾಗಗಳು ಪುಸ್ತಕದಲ್ಲಿರುತ್ತವೆ, ಕಟ್ಟಡದಲ್ಲಿ ಮರ ನೆಲವನ್ನು ಮುಟ್ಟಿಕೊಂಡೇ ಇರುತ್ತದೆ, ಅದರ ಮೇಲೆ ಮನುಷ್ಯರು ಹಾದುಹೋಗುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ ಆಸ್ಪತ್ರೆಯೊಂದು ಏಳುತ್ತಿದ್ದರೆ ನಾಳೆಯೇ ಅಲ್ಲಿಗೆ ಹೋಗಿ. ಹೆರಿಗೆ ಕೋಣೆಯ ಬಾಗಿಲಿನ ಬುಡ ನೋಡಿ. ಹೊಸ್ತಿಲಿದ್ದರೆ, ಇದು ಯಾರ ಭಾಗ ಎಂದು ಕೇಳಿ. ನನ್ನದಲ್ಲ ಎಂದು ಯಾರು ಮೊದಲು ಹೇಳುತ್ತಾರೋ ಅವರನ್ನು ದಯವಿಟ್ಟು ಸ್ಟ್ರೆಚರಿನ ಮೇಲೆ ಮಲಗಿಸಿ. ಗಾಡಿಯನ್ನು ನೀವೇ ತಳ್ಳಿ.