ಅಂತರ ಕಾಪಾಡಿ

ಬಾಯಿ ತೆರೆದರೆ ಗನ್ನು ಬಿಡಬೇಕು, ಗನ್ನು ಒತ್ತಿದರೆ ಬಾಯಿ ಮುಚ್ಚಬೇಕು. ಕಾರು ತೊಳೆಯುವ ವಾಟರ್ ಸರ್ವಿಸ್ ಶೆಡ್ಡಿನ ಯಜಮಾನರು ನೀರಿನ ಗನ್ನು ಹಿಡಿದಾಗ ತಮಗೆ ತಾವೇ ಹಾಕಿಕೊಂಡಿದ್ದ ಕಟ್ಟಳೆ ಇದು. ನೀರಿನ ಸದ್ದಿನಲ್ಲಿ ಮಾತಾಡಿದರೆ ಗಿರಾಕಿಗೆ ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸಿದ ಮಾತೇ ಜಗಳಕ್ಕೆ ಮೂಲ ಎಂಬುದು ಅವರ ವಾದ. ಕಟ್ಟಳೆಯೇನೋ ಚೆನ್ನಾಗಿತ್ತು. ಆದರೆ ಆ ಪುಣ್ಯಾತ್ಮರ ಮಾತು ಎಷ್ಟಿತ್ತೆಂದರೆ, ಅವರು ಡಿಕ್ಕಿ ತೊಳೆದು ಮುಗಿಸುವಷ್ಟರಲ್ಲಿ ಬಾನೆಟ್ಟಿನ ಮೇಲೆ ಮತ್ತೆ ಧೂಳು ಕೂತಿರುತ್ತಿತ್ತು. ಅದಕ್ಕೇ ಜನ ಅವರಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು.

ಇಂಥ ರೇಡಿಯೋ ಒಂದೇ ಒಂದು ಸಂಗತಿಯನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಅವರ ಬಲಗೈ ಹೆಬ್ಬೆರಳು ಹಿಡಿದುಕೊಂಡಿತ್ತು. ಗನ್ನಿನ ಮೂತಿಗೆ ಸಿಕ್ಕಿಸುವ ನಾಜಲ್ ಮೂರು. ನೀರನ್ನು ಅಗಲವಾಗಿ ಹರಡುವುದೊಂದು, ಸೋಪಿನ ನೊರೆ ಕಾರುವುದೊಂದು, ಗಟ್ಟಿ ಕೆಸರು ಕೀಳಲು ಸೂಜಿಯಂತೆ ಚುಚ್ಚುವುದೊಂದು. ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಕೆಂದರೆ ಮೂತಿಯ ಹಿತ್ತಾಳೆ ಬಳೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. ಎಳೆದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಹೇಳೋಣವೆಂದರೆ, ಮಗ ಆಗಲೇ ಗಲ್ಲಾದ ಪಕ್ಕಕ್ಕೆ ನೀಲಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದಿಟ್ಟು ಕಾಯುತ್ತಿದ್ದ. "ಅಪ್ಪಾ, ದುಡಿದಿದ್ದು ಸಾಕು, ಆರಾಮಾಗಿ ಕೂತ್ಕೊಳ್ಳಿ" ಎಂದು ದಿನಾ ಅದೇ ರಾಗ. ಆ ಕುರ್ಚಿ ಕಂಡರೆ ಯಜಮಾನರು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಒಮ್ಮೆ ಕೂತರೆ ಮುಗಿಯಿತು, ಗನ್ನು ಮತ್ತೆ ಕೈಗೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಶೆಡ್ಡಿನ ಹಿಂದಿನ ಕೋಣೆಯಲ್ಲಿ ಪಂಪು ರಿಪೇರಿ ಮಾಡುತ್ತಿದ್ದವಳು ಸೊಸೆ. ಒಂದು ಬೆಳಿಗ್ಗೆ ಅವಳು ಗನ್ನಿಗೆ ಹೊಸದೊಂದು ಗುಂಡು ಮೂತಿ ಹಾಕಿ ತಂದಳು.

"ಮಾವಾ, ಮೂರೂ ನಾಜಲ್ ಇದರೊಳಗೇ ಇದೆ. ಕೈ ಹಚ್ಚೋದೇ ಬೇಡ. ಟ್ರಿಗರ್ ಬಿಟ್ರೆ ಮೂತಿಯೊಳಗೆ ಒತ್ತಡ ಇಳಿಯುತ್ತೆ, ಸ್ಪ್ರಿಂಗು ಹಿಂದಕ್ಕೆ ಬರುತ್ತೆ. ಮತ್ತೆ ಒತ್ತಿದ್ರೆ ನೀರೇ ನೂಕಿ ಮುಂದಿನ ನಾಜಲ್ಲಿಗೆ ತಿರುಗಿಸುತ್ತೆ. ಟಿಕ್ ಟಿಕ್ ಪೆನ್ನು ಇರುತ್ತಲ್ಲ, ಹಾಗೆ."

"ಕರೆಂಟು?"

"ಬೇಡ. ನೀರಿನ ಒತ್ತಡವೇ ಸಾಕು."

ಯಜಮಾನರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಗೆಂದು ತೋರಿಸಿಕೊಳ್ಳುವುದುಂಟೇ? "ಏನೋ ಮಕ್ಕಳಾಟ. ನೋಡೋಣ ಕೊಡಮ್ಮ" ಎಂದು ಗನ್ನು ಈಸಿಕೊಂಡರು.

ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ತಮ್ಮ ಕಾರು ತಂದು ನಿಲ್ಲಿಸಿದರು. ಅದರ ಹಿಂದಿನ ಗಾಜಿನ ಮೇಲೆ ಕೆಂಪು ಸ್ಟಿಕ್ಕರಿನಲ್ಲಿ ದೊಡ್ಡದಾಗಿ "ಅಂತರ ಕಾಪಾಡಿ" ಎಂದಿತ್ತು. ಯಜಮಾನರು ಗನ್ನು ಒತ್ತಿದರು. ನೀರು ಅಗಲವಾಗಿ, ಸೊಗಸಾಗಿ ಹರಡಿತು. ಅಷ್ಟಕ್ಕೇ ಸುಮ್ಮನಿದ್ದರೆ ಅವರು ರೇಡಿಯೋ ಹೇಗಾದಾರು? ಗನ್ನಿನ ಟ್ರಿಗರ್ ಬಿಟ್ಟು ಮೇಷ್ಟ್ರ ಕಡೆ ತಿರುಗಿದರು.

"ಮೇಷ್ಟ್ರೇ, ಹೊಸ ಮಷೀನು. ನಮ್ಮ ಸೊಸೆ ಮಾಡಿದ್ದು. ನೋಡ್ತಾ ಇರಿ."

ಒತ್ತಿದರು. ಬಂದದ್ದು ನೊರೆ. ಅದೂ ಕಾರಿಗಲ್ಲ, ಮಾತಿನ ಭರದಲ್ಲಿ ಗನ್ನು ತಿರುಗಿದ್ದ ಕಡೆಗೆ, ಅಂದರೆ ಮೇಷ್ಟ್ರ ಪ್ಯಾಂಟಿಗೆ.

"ಅಯ್ಯಯ್ಯೋ!" ಮೇಷ್ಟ್ರು ಹಾರಿಬಿದ್ದರು.

ಸಮಾಧಾನ ಹೇಳಬೇಕಲ್ಲ, ಯಜಮಾನರು ಮತ್ತೆ ಗನ್ನು ಬಿಟ್ಟರು. "ಹೆದರ್ಬೇಡಿ, ಬರೀ ಸೋಪು. ಈಗ ಗಾಜಿಗೆ ಬಿಡ್ತೀನಿ, ಹೂವು ಎರಚಿದ ಹಾಗೆ ಬರುತ್ತೆ ನೀರು" ಎನ್ನುತ್ತ ಮೂತಿಯನ್ನು ಗಾಜಿನ ಹತ್ತಿರಕ್ಕೇ ಹಿಡಿದು ಒತ್ತಿದರು.

ಬಂದದ್ದು ಸೂಜಿ. "ಅಂತರ" ಪರಪರನೆ ಕಿತ್ತುಬಂದು, ಹಾರಿಹೋಗಿ ಮೇಷ್ಟ್ರ ಅಂಗಿಗೆ ಅಂಟಿಕೊಂಡಿತು. ಗಾಜಿನ ಮೇಲೆ "ಕಾಪಾಡಿ" ಮಾತ್ರ ಉಳಿಯಿತು.

"ರೀ, ಕಾರು ಕಲಿಸೋನು ನಾನು! ನನ್ನ ಕಾರಿನ ಮೇಲೇ ಕಾಪಾಡಿ ಅಂತ ಇದ್ರೆ ಕಲಿಯೋಕೆ ಯಾರ್ರೀ ಬರ್ತಾರೆ?" ಎಂದು ಮೇಷ್ಟ್ರು ಬಾಯಿಬಾಯಿ ಬಡಿದುಕೊಂಡರು.

ಗಲಾಟೆ ಕೇಳಿ ಮಗ ಓಡಿಬಂದ. ಗಾಜು ನೋಡಿ ನಗು ತಡೆಯಲು ತುಟಿ ಕಚ್ಚಿಕೊಂಡ. ಆಮೇಲೆ ಸೀದಾ ಹೋಗಿ ಆ ನೀಲಿ ಕುರ್ಚಿಯನ್ನು ತಂದು ಅಪ್ಪನ ಹಿಂದೆಯೇ ಇಟ್ಟ.

"ಸಾಕಪ್ಪಾ. ಕೂತ್ಕೊಳ್ಳಿ. ಗನ್ನು ಕೊಡಿ, ಹಳೇ ಮೂತಿನೇ ಹಾಕ್ತೀನಿ."

"ಹಳೇದು ಬೇಡ ಕಣೋ!"

"ಯಾಕೆ ಬೇಡ?"

ಯಜಮಾನರ ಬಾಯಿ ಕಟ್ಟಿತು. ಮೇಷ್ಟ್ರೂ ಬೈಯುವುದನ್ನು ನಿಲ್ಲಿಸಿದರು, ಏಕೆಂದರೆ ರೇಡಿಯೋ ನಿಂತುಹೋದದ್ದನ್ನು ಅವರು ಎಂದೂ ಕಂಡಿರಲಿಲ್ಲ.

"ಹೆಬ್ಬೆರಳು ಬಗ್ಗಲ್ವೋ" ಎಂದರು ಯಜಮಾನರು ಕಡೆಗೆ. "ಬಳೆ ಎಳೆಯೋಕಾಗಲ್ಲ. ಹೇಳಿದ್ರೆ ನೀನು ಕೂರಿಸಿಬಿಡ್ತೀಯ. ತೊಳೆಯೋದು ಬಿಟ್ಟು ಕೂತ್ರೆ ನಾನು ಇದ್ದೂ ಸತ್ತ ಹಾಗೇ ಕಣೋ." ಹೇಳುತ್ತ ಅವರ ಕಣ್ಣು ತುಂಬಿ ಬಂತು.

ಮಗ ತಬ್ಬಿಬ್ಬಾಗಿ ಹೆಂಡತಿಯ ಮುಖ ನೋಡಿದ.

"ನಂಗೊತ್ತಿತ್ತು ಮಾವಾ" ಎಂದಳು ಸೊಸೆ. "ಟೀ ಲೋಟ ಎಡಗೈಲಿ ಹಿಡಿಯೋಕೆ ಶುರು ಮಾಡಿದ್ರಲ್ಲ, ಆವಾಗ್ಲೇ. ಅದಕ್ಕೇ ಇದನ್ನ ಮಾಡಿದ್ದು. ನಿಮ್ಮ ಬೆರಳು ನೋಡಿದೆ, ಬಾಯಿ ಮರೆತೆ. ತಪ್ಪು ನಂದೇ."

"ಹಾಗಾದ್ರೆ ನಾನಿನ್ನು ಬಾಯಿ ಮುಚ್ಕೊಂಡು ತೊಳೀಬೇಕಾ?"

"ಅದೆಲ್ಲಿ ಆಗುತ್ತೆ?" ಎಂದರು ಮೇಷ್ಟ್ರು, ಅಂಗಿಯಿಂದ "ಅಂತರ" ಬಿಡಿಸಿಕೊಳ್ಳುತ್ತ. "ಹುಟ್ಟುಗುಣ ಸುಟ್ಟರೂ ಹೋಗಲ್ಲ."

ಸೊಸೆ ಮೂತಿ ಬಿಚ್ಚಿಕೊಂಡು ಒಳಗೆ ಹೋದಳು. ಮರುದಿನ ತಂದಾಗ ಅದರ ಪಕ್ಕಕ್ಕೆ ಪುಟ್ಟದೊಂದು ಗೂಡು ಸೇರಿತ್ತು, ಗೂಡಿಗೆ ಪಿನ್ನಿನಷ್ಟು ತೂತು.

"ಒತ್ತಿದಾಗ ಈ ಗೂಡಲ್ಲಿ ನೀರು ತುಂಬುತ್ತೆ, ಇನ್ನು ನಾಜಲ್ ನೂಕಿ ತಿರುಗಿಸೋದು ಆ ನೀರೇ. ಈಗ ತಟ್ಟನೆ ಬಿಟ್ಟು ತಟ್ಟನೆ ಒತ್ತಿದ್ರೆ ಮಾತ್ರ ನಾಜಲ್ ಬದಲಾಗುತ್ತೆ. ಬಿಟ್ಟು ನಿಂತ್ರೆ ಗೂಡಿನ ನೀರು ಈ ತೂತಲ್ಲಿ ಸೋರಿಹೋಗುತ್ತೆ. ಆಮೇಲೆ ನೂಕೋಕೆ ಒತ್ತಡವೇ ಇರಲ್ಲ, ಇದ್ದ ನಾಜಲ್ಲೇ ಇರುತ್ತೆ."

"ಮಾತು ತಟ್ಟನೆ ಮುಗಿದುಹೋದ್ರೆ?" ಎಂದು ಮಗ ಕೇಳಿದ.

"ಯಾರ ಮಾತು? ಮಾವಂದಾ?"

ಮಗ ಕುರ್ಚಿಯನ್ನು ತಾನೇ ಎತ್ತಿ ಮೂಲೆಗಿಟ್ಟ.

ವಾರ ಕಳೆದು ಮೇಷ್ಟ್ರು ಮತ್ತೆ ಬಂದರು. ಯಜಮಾನರು ಗನ್ನು ಬಿಟ್ಟು, ಕಳೆದ ಸಲದ ತಪ್ಪಿಗೆ ಹೊಸ ಸ್ಟಿಕ್ಕರ್ ತಾವೇ ಹಾಕಿಸಿಕೊಡುವುದಾಗಿ ಹೇಳಿದರು.

"ಬೇಡಿ ಮಾರಾಯ್ರೇ! ಅಂತರ ಕಾಪಾಡಿ ಅಂತ ಇದ್ದಾಗ ಒಬ್ಬರೂ ಕಾಪಾಡ್ತಿರಲಿಲ್ಲ, ಬೆನ್ನಿಗೇ ಅಂಟ್ಕೊಂಡು ಬರ್ತಿದ್ರು. ಈಗ ಕಾಪಾಡಿ ಅಂತ ಓದಿದ್ದೇ ತಡ, ಲಾರಿಯೋರೂ ದೂರ ಸರೀತಾರೆ."

ಇದನ್ನು ಕೇಳಿದ ಮೇಲೆ ಯಜಮಾನರಿಗೆ ಹೇಳುವುದು ಬೇಕಾದಷ್ಟಿತ್ತು. ಮೂಲೆಯಲ್ಲಿ ಧೂಳು ಹಿಡಿದಿದ್ದ ನೀಲಿ ಕುರ್ಚಿಯನ್ನು ಎಳೆದು ತಂದರು. ಗನ್ನಿನಲ್ಲಿ ಟಕ್ಕೆಂದು ನೊರೆ ತಂದು ಮೆತ್ತಿದರು. ಸೂಜಿಯ ಸರದಿಯಲ್ಲಿ ಮೂತಿಯನ್ನು ನೆಲಕ್ಕೆ ಹಿಡಿದು, ಅದನ್ನು ದಾಟಿಸಿ ಅಗಲ ನೀರಿಗೆ ಬಂದು ಕುರ್ಚಿಯನ್ನು ಫಳಫಳ ತೊಳೆದರು. ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ ಮೇಷ್ಟ್ರ ಮುಂದಿಟ್ಟರು.

"ಕೂತ್ಕೊಳ್ಳಿ ಮೇಷ್ಟ್ರೇ. ಮಾತು ಸ್ವಲ್ಪ ಉದ್ದ ಇದೆ."