ಗುರುತಿಗಿಂತ ಎರಡು ಬೆರಳು ಮೇಲೆ

೧
ಎಲ್ಲಿಂದ ಶುರು ಮಾಡಲಿ? ಸದ್ದಾದರೆ ಓದುಗರು ತಿರುಗಿ ನೋಡುತ್ತಾರೆಂದು ಮೊದಲು ‘ಢಂ’ ಎಂದು ಬರೆದೆ. ಆಮೇಲೆ ಹೊಡೆದುಹಾಕಿದೆ. ಹ್ಯಾಟಿಯ ಕೋವಿ ಸದ್ದು ಮಾಡಲೇ ಇಲ್ಲ, ತೊಂದರೆ ಶುರುವಾದದ್ದೇ ಅಲ್ಲಿ.

೨
ಅಮೆರಿಕದ ಕೆಂಟಕಿಯ ಗುಡ್ಡಗಳ ನಡುವಿನ ಬಯಲು. ಹತ್ತು ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದಾರೆ. ಎಲ್ಲರದೂ ಇನ್ನೂರು ವರ್ಷ ಹಿಂದಿನ ವಲಸಿಗರ ಉಡುಪು, ಅವರವರೇ ಹೊಲಿದುಕೊಂಡದ್ದು. ಜೋಡಿ ಸ್ಪರ್ಧೆಯ ವೇಷದ ಸುತ್ತು, ಬೆಂಕಿ ಹೊತ್ತಿಸುವ ಸುತ್ತು ನಿನ್ನೆಯೇ ಮುಗಿದಿವೆ. ಇವತ್ತು ಚಕಮಕಿ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡಿಟ್ಟು, ಉದ್ದನೆಯ ಕಡ್ಡಿಯಿಂದ ತಳಕ್ಕೆ ಒತ್ತಬೇಕು. ಹತ್ತು ನಿಮಿಷ, ಐದು ಗುಂಡು.

ಹ್ಯಾಟಿ ಕಾಮ್ಸ್‌ಗೆ ಹದಿನೈದು. ಅವಳ ಎಡಕ್ಕೆ ಜೋಡಿಗಾರ್ತಿ, ಚಿಕ್ಕಪ್ಪನ ಮಗಳು ಟ್ವೈಲಾ. ಮುಂದಿನ ತಿಂಗಳು ಟ್ವೈಲಾಗೆ ಸ್ಪರ್ಧೆಯ ವಯಸ್ಸು ಮೀರುತ್ತದೆ. ಈ ಸಲ ಗೆದ್ದರೆ ರಾಷ್ಟ್ರಮಟ್ಟ, ಇಲ್ಲದಿದ್ದರೆ ಮತ್ತೆಂದೂ ಇಲ್ಲ.

(ಇಂಥ ಕೋವಿಯನ್ನು ನಾನು ಒಮ್ಮೆ ಹಾರಿಸಿದ್ದೇನೆ. ಬಲ ಹೆಗಲು ಊದಿ ಮೂರು ದಿನ ಎಡಗೈಯಲ್ಲಿ ಬರೆದೆ. ಬರವಣಿಗೆ ಸುಧಾರಿಸಿತೆಂದು ಹೆಂಡತಿಯ ಅಭಿಪ್ರಾಯ.)

೩
ನಾಲ್ಕನೆಯ ಸಲ ಎಲ್ಲರ ಕೋವಿಗಳೂ ಒಟ್ಟಿಗೆ ಸಿಡಿದವು. ಬಿಳಿ ಹೊಗೆ. ತನ್ನದೂ ಹಾರಿತೆಂದುಕೊಂಡು ಹ್ಯಾಟಿ ಮತ್ತೆ ಮದ್ದು ಸುರಿದಳು, ಗುಂಡು ಒತ್ತಿದಳು. ಮದ್ದು-ಗುಂಡಿನ ಒಂದು ಈಡು ಸರಿಯಾಗಿ ಕೂತಿದ್ದರೆ ಕಡ್ಡಿಯ ಮೇಲೆ ಕೊರೆದ ಗುರುತು ನಳಿಗೆಯ ಬಾಯಿಗೆ ಸಮವಾಗಿ ನಿಲ್ಲಬೇಕು. ಎರಡು ಬೆರಳು ಮೇಲಿತ್ತು. ನಾಲ್ಕನೆಯ ಸಲ ಹೆಗಲಿಗೆ ಒದೆತ ಬಿದ್ದಿತ್ತೇ? ನೆನಪಾಗಲಿಲ್ಲ.

“ಹೊಡೆದುಬಿಡು ಮಾರಾಯ್ತಿ,” ಅಂದೆ ನಾನು. “ನಳಿಗೆ ಗಟ್ಟಿಯಾಗಿದೆ. ನನಗೂ ಒಂದು ಕೊನೆ ಸಿಗುತ್ತೆ.”

“ನಿಮ್ಗೇನ್ರೀ, ಕೂತ್ಕೊಂಡ್ ಬರೀತೀರ. ಕೋವಿಗೆ ಕೆನ್ನೆ ಒತ್ಕೊಂಡು ನಿಂತಿರೋಳು ನಾನು.”

೪
ಕೊನೆ (ಅ): ಹೊಡೆದಳು, ನಡುಮಧ್ಯಕ್ಕೆ ಬಿತ್ತು, ಚಪ್ಪಾಳೆ. ಹಾಳೆ ಹರಿದೆ.

ಕೊನೆ (ಆ): ಹೊಡೆದಳು, ನಳಿಗೆ ಸೀಳಿತು. ಎಡಗಡೆ ಟ್ವೈಲಾ... ವಾಕ್ಯ ಮುಗಿಸಲು ಕೈ ಬರಲಿಲ್ಲ.

೫
ಹ್ಯಾಟಿ ಕೈ ಎತ್ತಿದಳು.

ಮೈದಾನದ ಉಸ್ತುವಾರಿಯ ಹಿರಿಯ ಓರ್ವಲ್ ಸ್ಟ್ಯಾಂಪರ್ ಹತ್ತಿರ ಬಂದರು. “ಕೋವಿ ಮೂತಿ ಗುರಿ ಕಡೆಗೇ ಇರ್ಲಿ ಮಗಳೇ. ಏನಾಯ್ತು?”

“ಎರಡು ಈಡು ತುಂಬಿದೀನಿ ಅನ್ಸುತ್ತೆ ಸರ್.”

“ಅನ್ಸುತ್ತಾ?” ಟ್ವೈಲಾ ಚೀರಿದಳು. “ಅನ್ಸುತ್ತೆ ಅಂದ್ರೇನೇ? ಎರಡೇ ನಿಮಿಷ ಉಳ್ದಿರೋದು!”

ಹ್ಯಾಟಿ ಕೈ ಇಳಿಸಲಿಲ್ಲ. ಸೀಟಿ ಊದಿದರು, ಸಮಯ ಮುಗಿಯಿತು. ಸ್ಟ್ಯಾಂಪರ್ ತುದಿಗೆ ತಿರುಪಿದ್ದ ಕಡ್ಡಿ ಇಳಿಸಿ ಒಂದು ಗುಂಡು ಎಳೆದರು. ಮದ್ದು ಕೊಡವಿದರು. ಮತ್ತೆ ಕಡ್ಡಿ ಇಳಿಯಿತು. ಏನೂ ಇಲ್ಲದಿದ್ದರೆ? ಸುಮ್ಮನೆ ಹೆದರಿ ಸೋತೆನಾದರೆ? ಹ್ಯಾಟಿ ನಳಿಗೆಯ ಬಾಯನ್ನೇ ನೋಡುತ್ತಿದ್ದಳು.

ಎರಡನೆಯ ಗುಂಡು ಹೊರಬಂತು.

ಹ್ಯಾಟಿ, ಟ್ವೈಲಾ ಮೂರು ಅಂಕಗಳಿಂದ ಸೋತರು.

೬
ಟ್ವೈಲಾ ಟ್ರಕ್ಕಿನೊಳಗೆ ಕೂತು ಬಾಗಿಲು ಧಡಾರನೆ ಎಳೆದುಕೊಂಡಳು. ಹ್ಯಾಟಿ ಹೊರಗೆ ನಿಂತೇ ಇದ್ದಳು. ಬಹಳ ಹೊತ್ತಿನ ಮೇಲೆ ಗಾಜು ಅರ್ಧ ಇಳಿಯಿತು.

“ನಿನ್ನ ಪಕ್ಕದಲ್ಲಿ ನಿಂತಿದ್ದೋಳು ನಾನೇ ಅಲ್ವಾ?”

“ಹೂಂ.”

ಟ್ವೈಲಾ ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಪೆನ್ನು ಹಿಡಿದು ಮುಂದಕ್ಕೆ ಬಾಗಿದೆ. ಹ್ಯಾಟಿ ನನ್ನತ್ತ ತಿರುಗಿದಳು.

“ನೀವಿನ್ನು ಹೊರಡಿ.”